ಹಕ್ಕುಪತ್ರ ಒಬ್ಬರದು, ಒಲೆ ಇನ್ನೊಬ್ಬರದು

ಬೆಂಗಳೂರಿನ ಹೊರವಲಯದಲ್ಲಿ ಕೇಂದ್ರದ ನಗರ ನವೀಕರಣ ಯೋಜನೆಯಾದ ನರ್ಮ್‌ನ ದಿನಗಳಲ್ಲಿ ಕಟ್ಟಿದ ಬಡವರ ವಸತಿ ಸಮುಚ್ಚಯವೊಂದಿದೆ. ನೆಲಮಹಡಿ, ಮೇಲೆ ಮೂರು ಅಂತಸ್ತು, ಲಿಫ್ಟ್ ಇಲ್ಲ. ಕಡತದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ, ಸುತ್ತಲಿನವರ ಬಾಯಲ್ಲಿ ಮಾತ್ರ ಸ್ಲಂ ಬೋರ್ಡ್ ಕ್ವಾರ್ಟರ್ಸ್. ಮನೆ ಮಂಜೂರಾದವರೇ ಅಲ್ಲಿದ್ದಾರೋ, ಬಾಡಿಗೆಗೆ ಕೊಟ್ಟೋ ಮಾರಿಯೋ ಹೊರಟುಹೋಗಿದ್ದಾರೋ ಎಂದು ಮನೆಮನೆಗೆ ಹೋಗಿ ಪಟ್ಟಿ ಮಾಡುವ ಕೆಲಸ ಶುರುವಾಗಲಿದೆ. ಆ ತಂಡದ ಮೇಲ್ವಿಚಾರಕಿ ಇನ್ನೂ ಮೂವತ್ತು ದಾಟದ ಯುವತಿ. ಅದೇ ಮನೆಗಳ ಕೀಲಿ ಹಂಚುವಾಗ ಮೇಜಿನ ಹಿಂದೆ ಕೂತಿದ್ದವರು ಈಗ ನಿವೃತ್ತ ಎಂಜಿನಿಯರ್. ಕೆಲಸಕ್ಕಿಳಿಯುವ ಮುಂಚೆ ಅವರನ್ನೊಮ್ಮೆ ಮಾತಾಡಿಸಬೇಕೆಂದು ಆಕೆ ಹೊರಟಾಗ ನಾನೂ ಜೊತೆಗಿದ್ದೆ. ಇಬ್ಬರೂ ನನಗೆ ಬೇಕಾದವರು. ಹೆಸರು ಬರೆದರೆ ಇಬ್ಬರಿಗೂ ತೊಂದರೆ. ನಡುವೆ ಬಂದ ಫೋನುಗಳನ್ನೂ ನನ್ನ ಒಂದೆರಡು ದಡ್ಡ ಪ್ರಶ್ನೆಗಳನ್ನೂ ಬಿಟ್ಟು ಉಳಿದದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

ಯುವತಿ: ಸರ್, ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ನೀವು ಕೀಲಿ ಕೊಟ್ಟವರಲ್ಲಿ ಎಷ್ಟು ಜನ ಈಗಲೂ ಅಲ್ಲಿದ್ದಾರೆ?

ಹಿರಿಯರು: ಎಷ್ಟು ಜನ ಇರಬೇಕಿತ್ತು ಅನ್ನುತ್ತೆ ನಿನ್ನ ಲೆಕ್ಕ?

ಯುವತಿ: ಎಲ್ಲರೂ ಇರಬೇಕಿತ್ತು.

ಹಿರಿಯರು: ಹಾಗಾದ್ರೆ ಮೊದಲ ದಿನವೇ ನಿನ್ನ ಲೆಕ್ಕ ತಪ್ಪುತ್ತೆ. ನೆಲಮಹಡಿಯಲ್ಲಿ ಹಳಬರು ಸಿಗ್ತಾರೆ. ಮೆಟ್ಟಿಲು ಹತ್ತಿದ ಹಾಗೆ ಹೆಸರುಗಳು ಬದಲಾಗ್ತಾ ಹೋಗುತ್ತವೆ. ಮನೆ ಹಂಚಿದ್ದು ಲಾಟರಿಯಲ್ಲಿ. ಯಾರೂ ಪಕ್ಷಪಾತ ಅನ್ನದಿರಲಿ ಅಂತ ಚೀಟಿ ಎತ್ತಿಸಿದ್ವಿ. ಮಂಡಿ ಸವೆದ ಮುದುಕನಿಗೆ ಮೂರನೇ ಅಂತಸ್ತು ಬಂತು, ಇಪ್ಪತ್ತೈದು ವರ್ಷದ ದಂಪತಿಗೆ ನೆಲಮಹಡಿ. ಆ ಮುದುಕ ಆರು ತಿಂಗಳು ಹತ್ತಿ ಇಳಿದ. ಆಮೇಲೆ ಮನೆಯನ್ನ ಬಾಡಿಗೆಗೆ ಕೊಟ್ಟು, ಅದೇ ದುಡ್ಡಲ್ಲಿ ಪಕ್ಕದ ಹಳ್ಳಿಯಲ್ಲಿ ಒಂದು ಶೀಟಿನ ಕೋಣೆ ಹಿಡಿದ. ಈಗ ಹೇಳು, ಅವನು ವಂಚಕನಾ?

ಯುವತಿ: ನಿಯಮದ ಪ್ರಕಾರ ಹೌದು. ಹಕ್ಕುಪತ್ರದಲ್ಲೇ ಬರೆದಿರುತ್ತೆ, ಪರಭಾರೆ ಮಾಡಕೂಡದು, ಬಾಡಿಗೆಗೆ ಕೊಡಕೂಡದು ಅಂತ. ಅವರು ಬಂದು ನಿಮ್ಮನ್ನ ಕೇಳಬಹುದಿತ್ತು, ಕೆಳಗಿನ ಮನೆ ಕೊಡಿ ಅಂತ.

ಹಿರಿಯರು: ಕೇಳಿದ. ಅರ್ಜಿ ಕೊಟ್ಟ. ಮನೆ ಅದಲುಬದಲು ಮಾಡೋಕೆ ನನ್ನ ಹತ್ತಿರ ಯಾವ ಆದೇಶವೂ ಇರಲಿಲ್ಲ. ಕೊಡೋಕೊಂದು ನಿಯಮ ಇತ್ತು, ಕಿತ್ತುಕೊಳ್ಳೋಕೊಂದು ನಿಯಮ ಇತ್ತು. ನಡುವೆ ಏನೂ ಇರಲಿಲ್ಲ.

ಯುವತಿ: ಒಬ್ಬ ಮುದುಕರ ಕಥೆ ಹೇಳಿ ನನ್ನ ಕೈ ಕಟ್ಟಬೇಡಿ ಸರ್. ಪ್ರತಿ ಸಲವೂ ಹೀಗೇ ಆಗುತ್ತೆ. ಕ್ರಮ ತಗೋತೀವಿ ಅಂದಕೂಡಲೇ ಒಬ್ಬ ವಿಧವೆ, ಒಬ್ಬ ರೋಗಿ, ಒಬ್ಬ ಮುದುಕ ಮುಂದೆ ಬಂದು ನಿಲ್ತಾರೆ. ಅವರ ಬೆನ್ನ ಹಿಂದೆ ಐದು ಮನೆ ಇಟ್ಕೊಂಡವನು ನಿಂತಿರ್ತಾನೆ.

(ಈ ಮಾತಿಗೆ ಹಿರಿಯರು ನಕ್ಕರು. ಸಿಟ್ಟು ಬಂದಿರಲಿಲ್ಲ.)

ಹಿರಿಯರು: ನಿಂತಿರ್ತಾನೆ, ನಿಜ. ಅದಕ್ಕೇ ಹೇಳೋದು, ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡ ಅಂತ. ಅಲ್ಲಿಗೆ ಬಂದವರು ಯಾರು? ಊರ ನಡುವಿನ ಕೊಳೆಗೇರಿಯವರು. ಬೆಳಗ್ಗೆ ಆರಕ್ಕೆ ನಡ್ಕೊಂಡು ಹೋಗಿ ನಾಲ್ಕು ಮನೆ ಪಾತ್ರೆ ತೊಳೆದು ಹತ್ತಕ್ಕೆ ವಾಪಸ್ ಬರ್ತಿದ್ದ ಹೆಂಗಸರು. ಅವರನ್ನ ಇಪ್ಪತ್ತು ಕಿಲೋಮೀಟರ್ ಆಚೆ ತಂದು ಇಳಿಸಿದ್ವಿ. ಮೊದಲ ಬಸ್ಸು ಬರೋ ಹೊತ್ತಿಗೆ ಅವರ ಕೆಲಸ ಬೇರೆಯವರ ಪಾಲಾಗಿತ್ತು. ಗೋಡೆ ಗಟ್ಟಿ, ಸಂಡಾಸು ಒಳಗೇ ಇದೆ, ಆದ್ರೆ ದುಡಿಮೆ ಇಲ್ಲ. ಒಂದಿಷ್ಟು ಜನ ಮನೆಯನ್ನ ಲೀಸ್‌ಗೆ ಹಾಕಿ ಹಳೇ ಜಾಗದ ಹತ್ತಿರವೇ ಹೋಗಿ ಸೇರ್ಕೊಂಡ್ರು.

ಯುವತಿ: ಲೀಸ್ ಅಂದ್ರೆ ನಾಲ್ಕೋ ಐದೋ ಲಕ್ಷ ಒಟ್ಟಿಗೆ ಕೈಗೆ ಬರುತ್ತೆ. ಬಸ್ಸು ಸಿಗದ ಕಷ್ಟಕ್ಕೆ ಐದು ಲಕ್ಷ ಯಾಕೆ ಬೇಕು?

ಹಿರಿಯರು: ನೀನು ಕೇಳಬೇಕಾದ ಪ್ರಶ್ನೆಯೇ ಇದು. ಮನೆ ಪುಕ್ಕಟೆ ಅಂತ ಊರೆಲ್ಲಾ ಅಂದ್ಕೊಂಡಿದೆ. 2005ರಲ್ಲಿ ನರ್ಮ್ ಬಂದಾಗ ನಿಯಮ ಏನಿತ್ತು? ಫಲಾನುಭವಿ ಕನಿಷ್ಠ ಶೇ 12 ವಂತಿಗೆ ಕಟ್ಟಬೇಕು, ಪರಿಶಿಷ್ಟರಿಗೆ, ಹಿಂದುಳಿದವರಿಗೆ ಶೇ 10. ಬ್ಯಾಂಕಿನವರು ಇವರಿಗೆ ಸಾಲ ಕೊಡ್ತಾರಾ? ಬಡ್ಡಿಯವನ ಹತ್ತಿರ ತಂದು ಕಟ್ಟಿದ್ರು. ಮನೆಗೆ ಕಾಲಿಡೋ ಮುಂಚೆಯೇ ಬಡ್ಡಿಯವನು ಬಾಗಿಲಲ್ಲಿದ್ದ. ಲೀಸ್ ದುಡ್ಡು ಹೋಗಿದ್ದು ಅವನಿಗೆ, ಇಲ್ಲ ಆಸ್ಪತ್ರೆಗೆ, ಇಲ್ಲ ಮಗಳ ಮದುವೆಗೆ.

ಯುವತಿ: ಇನ್ನೂ ಒಂದಿಷ್ಟು ಹೆಂಡಕ್ಕೆ. ಅದನ್ನ ಬಿಟ್ಟುಬಿಟ್ರಿ. ಪ್ರಧಾನಮಂತ್ರಿ ಆವಾಸ್ ಯೋಜನೆ ಬಂದಾಗ ಮನೆ ಹೆಂಗಸಿನ ಹೆಸರಲ್ಲಿರಬೇಕು, ಇಲ್ಲ ಜಂಟಿ ಹೆಸರಲ್ಲಿರಬೇಕು ಅಂತ ಯಾಕೆ ಮಾಡಿದ್ರು? ಗಂಡ ಒಂದು ರಾತ್ರಿ ಛಾಪಾ ಕಾಗದ ತಂದು ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ ಅವಳೂ ಮಕ್ಕಳೂ ಬೀದಿಗೆ ಬೀಳ್ತಾರೆ. ಮಾರಬಾರದು ಅನ್ನೋ ನಿಯಮ ಇರೋದಕ್ಕೇ ಎಷ್ಟೋ ಹೆಂಗಸರು ‘ಸರ್ಕಾರದ ಮನೆ ಕಣ್ರೀ, ಮಾರೋಕಾಗಲ್ಲ’ ಅಂತ ಗಂಡನ ಬಾಯಿ ಮುಚ್ಚಿಸಿದ್ದಾರೆ. ಆ ನಿಯಮ ಸುಳ್ಳು, ಯಾರೂ ಜಾರಿ ಮಾಡಲ್ಲ ಅಂತ ಊರಿಗೇ ಗೊತ್ತಾದ್ರೆ ಆ ಮಾತಿಗೆ ಬೆಲೆ ಇರುತ್ತಾ?

ಹಿರಿಯರು: ಇದನ್ನ ನಾನು ಅಲ್ಲಗಳೆಯಲ್ಲ. ನಿಯಮ ತೆಗೀಬೇಕು ಅಂತ ನಾನಂದೇ ಇಲ್ಲ.

ಯುವತಿ: ಇನ್ನೊಂದು ಮಾತು ಹೇಳಿಬಿಡ್ತೀನಿ. ನಾನು ಬೆಳೆದಿದ್ದು ಇಂಥದ್ದೇ ಒಂದು ಮನೆಯಲ್ಲಿ. ನಮ್ಮದಲ್ಲ. ಮಂಜೂರಾದವರು ಬೇರೆ ಕಡೆ ಸ್ವಂತ ಮನೆ ಕಟ್ಕೊಂಡಿದ್ರು. ಪ್ರತಿ ತಿಂಗಳು ಐದನೇ ತಾರೀಖು ಬಾಡಿಗೆಗೆ ಬರೋರು. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿದ ದುಡ್ಡನ್ನ, ಸರ್ಕಾರ ಬಡವರಿಗೆ ಅಂತ ಕಟ್ಟಿದ ಮನೆಗೆ, ಬಡವರಲ್ಲದ ಒಬ್ಬರಿಗೆ ಎಣಿಸಿ ಕೊಡ್ತಿದ್ಲು. ಅವಳೂ ಅರ್ಜಿ ಹಾಕಿದ್ಲು. ಅವಳ ಸರದಿ ಬರಲೇ ಇಲ್ಲ. ಅದಕ್ಕೇ ನನಗೆ ಇದು ಕಾಗದದ ವಿಷಯ ಅಲ್ಲ.

(ಹಿರಿಯರು ಕೆಲಹೊತ್ತು ಉತ್ತರಿಸಲಿಲ್ಲ. ಆಕೆಯ ವಾದಕ್ಕೆ ಇದರಿಂದ ಬಲ ಬಂತು ಎಂದುಕೊಂಡೆ. ಅವರು ತಿರುಗಿಸಿ ಕೇಳಿದ್ದು ಅದನ್ನೇ.)

ಹಿರಿಯರು: ಆಗ ಯಾರಾದರೂ ಸಮೀಕ್ಷೆಗೆ ಬಂದು, ಮೂಲ ಫಲಾನುಭವಿ ಇಲ್ಲಿಲ್ಲ ಅಂತ ಬರ್ಕೊಂಡು ಬೀಗ ಹಾಕಿದ್ರೆ ಬೀದಿಗೆ ಬೀಳ್ತಿದ್ದಿದ್ದು ಯಾರು? ಆ ಮನೆ ಮಂಜೂರಾದವರಾ, ನಿಮ್ಮಮ್ಮನಾ?

ಯುವತಿ: ನಾವು.

ಹಿರಿಯರು: ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನನ್ನ ತಕರಾರು ಇಷ್ಟೇ. ಮನೆ ಮಾರಿದವನು ಮನೆಯಲ್ಲಿರಲ್ಲ, ಅವನ ಮೇಲೆ ಬೀಗ ಹಾಕೋಕಾಗಲ್ಲ. ಬೀಗ ಬೀಳೋದು ಒಳಗೆ ಅಡುಗೆ ಮಾಡ್ತಿರೋರ ಮೇಲೆ. ಬರೀ ಅಧಿಕಾರ ಪತ್ರ, ಅಂದ್ರೆ ಜಿಪಿಎ ಮೇಲೆ ಮನೆ ಕೊಂಡವರು ಬೇರೆ ಇದ್ದಾರೆ. ಅಂಥ ಕಾಗದದಿಂದ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಖಡಾಖಂಡಿತವಾಗಿ ಹೇಳಿದೆ. ಲೀಸ್ ದುಡ್ಡು ಕೊಟ್ಟವರ ಹತ್ತಿರ ಇರೋದು ನೋಟರಿ ಮುದ್ರೆ ಒತ್ತಿದ ಒಂದು ಹಾಳೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಆ ಐದು ಲಕ್ಷವನ್ನ ಅವರು ಯಾವ ಕೋರ್ಟಿನಲ್ಲಿ ಕೇಳಬೇಕು? ಕೇಳೋಕೆ ಹೋದ್ರೆ ‘ಮಾಡಬಾರದ ವ್ಯವಹಾರ ಯಾಕೆ ಮಾಡಿದೆ’ ಅಂತ ಅವರನ್ನೇ ಕೇಳ್ತಾರೆ.

ಯುವತಿ: ಇಂಗ್ಲೆಂಡಿನಲ್ಲಿ ಇದಕ್ಕೊಂದು ದಾರಿ ಹುಡುಕಿದ್ದಾರೆ. ಅಲ್ಲಿ ಸ್ಥಳೀಯ ಸಂಸ್ಥೆಗಳು, ವಸತಿ ಸಂಘಗಳು ಕಡಿಮೆ ಬಾಡಿಗೆಗೆ ಮನೆ ಕೊಡ್ತಾವೆ. ಅದನ್ನ ಇನ್ನೊಬ್ಬರಿಗೆ ಮಾರುಕಟ್ಟೆ ದರದಲ್ಲಿ ಬಾಡಿಗೆಗೆ ಕೊಟ್ಟು ದುಡ್ಡು ಮಾಡೋದನ್ನ 2013ರ ಕಾಯ್ದೆಯಲ್ಲಿ ಅಪರಾಧ ಮಾಡಿದ್ರು. ಅದರಲ್ಲಿ ನನಗೆ ಹಿಡಿಸಿದ್ದು ಎರಡು ಮೆಟ್ಟಿಲು. ಮಾಡಬಾರದು ಅಂತ ಗೊತ್ತಿದ್ದೂ ಕೊಟ್ಟವರಿಗೆ ದಂಡ. ಅಪ್ರಾಮಾಣಿಕವಾಗಿ ಕೊಟ್ಟವರಿಗೆ ಎರಡು ವರ್ಷದವರೆಗೆ ಜೈಲು. ಹಿಂಸೆಗೆ, ಬೆದರಿಕೆಗೆ ಹೆದರಿ ಮನೆ ಬಿಟ್ಟವರಿಗೆ ಮೊದಲನೇದರಲ್ಲಿ ವಿನಾಯಿತಿ. ಎಲ್ಲಕ್ಕಿಂತ ಮುಖ್ಯ, ಬಾಡಿಗೆಯಲ್ಲಿ ಮಾಡಿಕೊಂಡ ಲಾಭವನ್ನ ಕಕ್ಕಿಸೋ ಆದೇಶ ಕೊಡೋ ಅಧಿಕಾರ ಕೋರ್ಟಿಗಿದೆ. ನೀವಂದ ಬರೆ ಅಲ್ಲಿ ಬೀಳೋದು ಎತ್ತಿನ ಮೇಲೇನೇ.

ಹಿರಿಯರು: ಎಷ್ಟು ಮನೆ ಹಾಗಿದ್ವು ಅಲ್ಲಿ?

ಯುವತಿ: ಇಂಗ್ಲೆಂಡಿನಲ್ಲಿ ಸುಮಾರು 98,000 ಇರಬಹುದು ಅಂತ 2012ರಲ್ಲಿ ಅಲ್ಲಿನ ಆಡಿಟ್ ಕಮಿಷನ್ ಅಂದಾಜು ಮಾಡಿತ್ತು. ಅದಕ್ಕೂ ಮುಂಚೆ 50,000 ಅಂದಿದ್ರು.

ಹಿರಿಯರು: ಎರಡರ ನಡುವಿನ ಅಂತರ ನೋಡಿದ್ರೇ ಗೊತ್ತಾಗುತ್ತೆ, ಎಣಿಸೋದು ಎಷ್ಟು ಕಷ್ಟ ಅಂತ. ಎಣಿಸಿದ ಆ ಆಡಿಟ್ ಕಮಿಷನ್ನನ್ನೇ 2015ರಲ್ಲಿ ಮುಚ್ಚಿಬಿಟ್ರು, ಗೊತ್ತಲ್ಲ? ನಾನು ಅಲ್ಲಿಯ ಇನ್ನೊಂದು ವಿಷಯ ಹೇಳ್ತೀನಿ. ಮಗಳು ಲಂಡನ್ನಿನಲ್ಲಿದ್ದಾಳೆ. ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದ ಸುದ್ದಿಯನ್ನ ಅವಳ ಮನೆಯ ಟಿವಿಯಲ್ಲೇ ನೋಡಿದ್ದು ನಾನು. 2017ರ ಜೂನ್ 14. ಇಪ್ಪತ್ನಾಲ್ಕು ಅಂತಸ್ತಿನ ಸಾರ್ವಜನಿಕ ವಸತಿ ಕಟ್ಟಡ. 72 ಜನ ಸತ್ರು. ಬೆಂಕಿ ಆರಿದ ಮೇಲೂ ಒಳಗಿದ್ದವರು ಎಷ್ಟು ಜನ ಅಂತ ತುಂಬಾ ದಿನ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಯಾಕೆ? ಪಟ್ಟಿಯಲ್ಲಿ ಹೆಸರಿಲ್ಲದೆ ಬಾಡಿಗೆಗಿದ್ದವರ ವಿಷಯ ಬಾಯಿಬಿಡೋಕೆ ಜನ ಹೆದರಿದ್ರು. ಕೊನೆಗೆ ಅಲ್ಲಿನ ಸರ್ಕಾರವೇ ಹೇಳಬೇಕಾಯ್ತು, ಆ ಕಟ್ಟಡದಲ್ಲಿ ಕಾನೂನುಬಾಹಿರವಾಗಿ ಮನೆ ಬಾಡಿಗೆಗೆ ಕೊಟ್ಟವರ ಮೇಲೆ ಕೇಸು ಹಾಕಲ್ಲ, ಯಾರಿದ್ರು ಅಂತ ದಯವಿಟ್ಟು ಬಂದು ತಿಳಿಸಿ ಅಂತ. ನೀನು ಹೇಳಿದ ಕಾಯ್ದೆ ಬಂದು ನಾಲ್ಕು ವರ್ಷವೂ ಆಗಿರಲಿಲ್ಲ. ಸತ್ತವರ ಲೆಕ್ಕ ತಗೋಳೋಕೆ ಅದನ್ನ ಪಕ್ಕಕ್ಕಿಡಬೇಕಾಯ್ತು.

ಯುವತಿ: ಅದೇ ಗ್ರೆನ್‌ಫೆಲ್‌ನಲ್ಲಿ, ಆ ಕಟ್ಟಡದಲ್ಲಿ ಒಂದು ರಾತ್ರಿಯೂ ಮಲಗದವರು ನಾವೂ ಸಂತ್ರಸ್ತರು ಅಂತ ಹೇಳಿ ಪರಿಹಾರ ತಗೊಂಡು, ಹೋಟೆಲಿನಲ್ಲಿದ್ದು, ಆಮೇಲೆ ಜೈಲಿಗೂ ಹೋದ್ರು. ಪಟ್ಟಿ ಸಡಿಲವಾದ್ರೆ ಎರಡೂ ಆಗುತ್ತೆ ಸರ್. ಇದ್ದವರು ಕಾಣಲ್ಲ, ಇಲ್ಲದವರು ಬಂದು ಸೇರ್ಕೋತಾರೆ. ನೀವು ಮೊದಲನೇದನ್ನ ಮಾತ್ರ ಹೇಳ್ತೀರಿ.

ಹಿರಿಯರು: ಸರಿ, ನಮ್ಮೂರಿಗೇ ಬಾ. ಈಜಿಪುರ ನೆನಪಿದೆಯಾ?

ಯುವತಿ: ಆರ್ಥಿಕವಾಗಿ ದುರ್ಬಲರಿಗೆ ಕಟ್ಟಿದ ಇಡಬ್ಲ್ಯುಎಸ್ ಕ್ವಾರ್ಟರ್ಸ್. 2013ರ ಜನವರಿ. ನಾನಾಗ ಹೈಸ್ಕೂಲಿನಲ್ಲಿದ್ದೆ. ಬುಲ್ಡೋಜರ್ ಚಿತ್ರ ಪೇಪರಲ್ಲಿ ಬಂದಿತ್ತು.

ಹಿರಿಯರು: ಕಳಪೆ ಕಟ್ಟಡಗಳು, ಕೆಲವು ಕುಸಿದೂ ಇದ್ವು. ಕೆಡವಿ ಹೊಸದು ಕಟ್ಟೋಕೆ ಖಾಸಗಿ ಪಾಲುದಾರರನ್ನ ತಂದ್ರು. ಹೊಸ ಮನೆ ಯಾರಿಗೆ? ಮೂಲ ಮಂಜೂರಾತಿದಾರರಿಗೆ. ಅಲ್ಲಿ ಆಗ ವಾಸವಿದ್ದವರಲ್ಲಿ ತುಂಬಾ ಜನ ಬಾಡಿಗೆಯವರು. ಎಷ್ಟೋ ವರ್ಷದಿಂದ ಇದ್ದವರು, ಪೌರಕಾರ್ಮಿಕರು, ಮನೆಗೆಲಸದವರು. ಅವರಿಗೆ ಉಳಿದಿದ್ದು ರಸ್ತೆ ಬದಿಯ ಟಾರ್ಪಾಲು. ಎಷ್ಟೋ ಸಂಸಾರ ವರ್ಷಗಟ್ಟಲೆ ಅದೇ ಕಾಂಪೌಂಡಿನ ಆಚೆ, ಚರಂಡಿ ಪಕ್ಕದಲ್ಲಿ ಬದುಕಿದ್ವು. ಬೀದಿಗೆ ಬಿದ್ದವರು ನಿಜವಾದ ಬಡವರು ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದ್ರೂ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಯುವತಿ: ಕೆಡವೋ ಹಿಂದಿನ ವಾರ ಬಂದು ಸೇರ್ಕೊಂಡವರಿಗೂ ಮನೆ ಕೊಡಬೇಕಿತ್ತಾ? ಎಲ್ಲಿ ಗೆರೆ ಎಳೀತೀರಿ?

ಹಿರಿಯರು: ಹಿಂದಿನ ವಾರಕ್ಕೂ ಹತ್ತು ವರ್ಷಕ್ಕೂ ನಡುವೆ ಎಲ್ಲಾದ್ರೂ ಎಳೀಬಹುದು. ಎಳೆಯೋ ಮನಸ್ಸಿರಬೇಕು. ನಮ್ಮ 1973ರ ಕೊಳೆಗೇರಿ ಕಾಯ್ದೆಯಲ್ಲೇ, ಘೋಷಿತ ಪ್ರದೇಶದಲ್ಲಿ ವಾಸ ಇರೋರನ್ನ ಪ್ರಾಧಿಕಾರದ ಅನುಮತಿ ಇಲ್ಲದೆ ಒಕ್ಕಲೆಬ್ಬಿಸಬಾರದು ಅಂತ ಇದೆ. ಗುಡಿಸಲಿನಲ್ಲಿ ಬಾಡಿಗೆಗಿದ್ದವನಿಗೆ ಅಷ್ಟಾದರೂ ರಕ್ಷಣೆ ಇತ್ತು. ಅವನನ್ನ ಅಲ್ಲಿಂದೆಬ್ಬಿಸಿ ಕಾಂಕ್ರೀಟ್ ಮನೆಗೆ ತರೋವಾಗ ಸಮೀಕ್ಷೆಯವರು ಬರ್ಕೊಂಡಿದ್ದು ಯಾರ ಹೆಸರನ್ನ? ಗುಡಿಸಲಿನ ಯಜಮಾನನ ಹೆಸರನ್ನ. ನಿಮ್ಮಮ್ಮನಂಥವರು ಪಟ್ಟಿಯಿಂದ ಹೊರಗುಳಿದಿದ್ದು ಆ ದಿನವೇ, ಯಾರೋ ಲೀಸ್‌ಗೆ ಹಾಕಿದ ದಿನ ಅಲ್ಲ.

(ಈ ಒಂದು ಮಾತಿಗಾಗಿಯೇ ಹೋಗಿದ್ದು ಸಾರ್ಥಕವಾಯಿತು ಎನ್ನಿಸಿತು ನನಗೆ. ಮೋಸ ನಡೆಯುವುದು ಮನೆ ಕೈಬದಲಾದಾಗ ಎಂದೇ ನಾನೂ ತಿಳಿದಿದ್ದೆ. ಪಟ್ಟಿ ತಯಾರಾಗುವಾಗಲೇ ಅರ್ಧ ಮೋಸ ಮುಗಿದಿರುತ್ತದೆ ಎಂದು ಹೊಳೆದಿರಲಿಲ್ಲ. ಆ ಮೊದಲ ಸಮೀಕ್ಷೆಗಳ ಬಗ್ಗೆ ಹಿರಿಯರು ಇನ್ನೂ ಹೇಳಿದರು: ಒಂದೇ ಗುಡಿಸಲಿನ ನಡುವೆ ಸೀರೆ ಕಟ್ಟಿ ಎರಡು ಸಂಸಾರ ಎಂದು ತೋರಿಸಿದ್ದು, ಬೀಗ ಹಾಕಿದ ಬಾಗಿಲಿಗೂ ಒಂದು ಹೆಸರು ಹುಟ್ಟಿಕೊಂಡದ್ದು, ವಾರ್ಡಿನ ಪುಡಿ ನಾಯಕ ಕೊಟ್ಟ ಚೀಟಿಯಲ್ಲಿದ್ದವರು ಆ ಬೀದಿಯನ್ನೇ ಕಂಡಿರದಿದ್ದದ್ದು.)

ಯುವತಿ: ಅದಕ್ಕೇ ಈಗ ಮನುಷ್ಯರ ಮಾತು ನಂಬೋದು ಬೇಡ ಅಂತಿರೋದು. ದತ್ತಾಂಶ ಇದೆ. ಗೃಹಜ್ಯೋತಿ ಬಂದಾಗ, 2023ರಲ್ಲಿ, ಬಾಡಿಗೆದಾರರಿಗೂ ಉಚಿತ ವಿದ್ಯುತ್ ಅಂದ್ರು. ಎಲ್ಲರೂ ಸೇವಾ ಸಿಂಧುವಿನಲ್ಲಿ ಆಧಾರ್ ಕೊಟ್ಟು ಮೀಟರಿನ ಆರ್.ಆರ್. ಸಂಖ್ಯೆಗೆ ಜೋಡಿಸಿದ್ದಾರೆ. ಅಂದ್ರೆ ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನೋದು ಬೆಸ್ಕಾಂ ಕಂಪ್ಯೂಟರಿನಲ್ಲಿದೆ. ನಮ್ಮ ಹಕ್ಕುಪತ್ರದ ಪಟ್ಟಿ ಪಕ್ಕದಲ್ಲಿಟ್ಟು, ಪಡಿತರ ಚೀಟಿ, ಕುಟುಂಬ ತಂತ್ರಾಂಶ ಸೇರಿಸಿದ್ರೆ ಮನೆ ಬಾಗಿಲು ತಟ್ಟೋದೇ ಬೇಡ. ಐದು ಮೀಟರಿಗೂ ಒಬ್ಬನೇ ಮಾಲೀಕ ಅನ್ನೋದು ತಾನಾಗಿ ಎದ್ದು ಕಾಣುತ್ತೆ.

ಹಿರಿಯರು: ಇಲ್ಲ ಕಣಮ್ಮ, ಅದು ಮಾಡಬೇಡ.

ಯುವತಿ: ಯಾಕೆ? ವಂಚಕರಿಗೆ ಖಾಸಗಿತನ ಬೇಕಾ?

ಹಿರಿಯರು: ವಂಚಕರ ಆಧಾರ್ ಅಲ್ಲ ಅದು. ಐದು ಮನೆ ಇರೋನು ಆ ಮೀಟರಿಗೆ ತನ್ನ ಆಧಾರ್ ಜೋಡಿಸಿರ್ತಾನಾ? ಜೋಡಿಸಿರೋಳು ಬಾಡಿಗೆಗಿರೋ ಹೆಂಗಸು. ಇನ್ನೂರು ಯೂನಿಟ್‌ವರೆಗೆ ಪುಕ್ಕಟೆ ಸಿಗುತ್ತೆ ಅಂತ ಸರ್ಕಾರವನ್ನ ನಂಬಿ ಆಧಾರ್ ಕೊಟ್ಟಿದ್ದಾಳೆ. ಬಾಡಿಗೆಯವರೂ ಬನ್ನಿ ಅಂತ ಕರೆದಿದ್ದೇ ಸರ್ಕಾರ. ಈಗ ಅದೇ ಕಾಗದ ಹಿಡ್ಕೊಂಡು ‘ಓ, ನೀನು ಅಕ್ರಮ ವಾಸಿ’ ಅಂದ್ರೆ, ನಾಳೆ ಅವಳು ಲಸಿಕೆ ಹಾಕಿಸೋಕೂ ಮಗೂನ ಸ್ಕೂಲಿಗೆ ಸೇರಿಸೋಕೂ ವಿಳಾಸ ಕೊಡಲ್ಲ. ಒಂದು ಮನೆ ಹಿಡಿಯೋಕೆ ಹೋಗಿ ಸಾವಿರ ಜನರ ನಂಬಿಕೆ ಕಳ್ಕೋತೀಯ.

ಯುವತಿ: ಆ ಹೆಂಗಸಿಗೆ ನೋಟಿಸು ಬೇಡ. ಅವಳ ಹೆಸರಿಂದ ಮಾಲೀಕನನ್ನ ಹುಡುಕೋಣ. ದತ್ತಾಂಶ ಯಾರ ವಿರುದ್ಧ ಬಳಸ್ತೀವಿ ಅನ್ನೋದು ನಮ್ಮ ಕೈಯಲ್ಲಿದೆ.

ಹಿರಿಯರು: ನಿನ್ನ ಕೈಯಲ್ಲಿ ಇರೋದಿಲ್ಲ. ನೀನು ಪಟ್ಟಿ ಮೇಲಿನವರಿಗೆ ಕಳಿಸ್ತೀಯ. ಅವರಿಗೆ ವರ್ಷದ ಕೊನೆಗೆ ಎಷ್ಟು ಮನೆ ವಶಪಡಿಸಿಕೊಂಡ್ರಿ ಅನ್ನೋ ಸಂಖ್ಯೆ ಬೇಕು. ಸುಲಭದ ಮನೆ ಯಾವುದು? ವಕೀಲರನ್ನ ಇಟ್ಕೊಳ್ಳೋಕಾಗದವರ ಮನೆ.

ಯುವತಿ: ಅಂದ್ರೆ ಏನೂ ಮಾಡೋದೇ ಬೇಡ ಅಂತೀರಾ? ಕೋಪ ಮಾಡ್ಕೋಬೇಡಿ, ನಿಮ್ಮ ಕಾಲದವರು ಪಾಪ ಅಂತ ಕಣ್ಣು ಮುಚ್ಚಿದ್ದರಿಂದಲೇ ಬ್ರೋಕರ್ ಬೆಳೆದ. ಈಗ ಅವನು ವಾಟ್ಸಾಪ್‌ನಲ್ಲಿ ಫೋಟೊ ಹಾಕಿ ಸ್ಲಂ ಬೋರ್ಡ್ ಮನೆ ಲೀಸ್‌ಗಿದೆ ಅಂತ ಜಾಹೀರಾತು ಕೊಡ್ತಾನೆ. ಕಷ್ಟಕ್ಕೆ ಕೊಟ್ಟ ಮುದುಕನನ್ನ ನೀವು ಬಿಟ್ರಿ. ಅವನ ಪಕ್ಕದ ಮನೆಯನ್ನ ಆ ಬ್ರೋಕರೇ ಕೊಂಡ. ಕರುಣೆ ಅಂದ್ಕೊಂಡು ಬಿಟ್ಟಿದ್ದು ಕೊನೆಗೆ ಬಾಡಿಗೆ ದಂಧೆಗೆ ದಾರಿಯಾಯ್ತು.

ಹಿರಿಯರು: ಒಪ್ಪಿದೆ. ಕಣ್ಣು ಮುಚ್ಚಿದ್ದಕ್ಕೆ ಕರುಣೆ ಒಂದೇ ಕಾರಣ ಅಲ್ಲ ಅನ್ನೋದನ್ನೂ ನೀನೇ ಸೇರಿಸ್ಕೊ.

ಯುವತಿ: ಪಿಟಿಸಿಎಲ್ ಇದೆಯಲ್ಲ? 1978ರಿಂದ ಇದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನ ಷರತ್ತು ಮೀರಿ ಯಾರು ಕೊಂಡಿದ್ರೂ ಆ ಮಾರಾಟವೇ ಅಸಿಂಧು, ಜಮೀನು ವಾಪಸ್. ಮನೆಗಳಿಗೂ ಅಷ್ಟು ಗಟ್ಟಿ ಕಾನೂನು ಯಾಕಿರಬಾರದು?

ಹಿರಿಯರು: ಆ ಕಾಯ್ದೆಯನ್ನ ಸರಿಯಾಗಿ ನೋಡು. ಜಮೀನು ವಾಪಸ್ ಹೋಗೋದು ಯಾರಿಗೆ? ಮಾರಿದವನಿಗೆ, ಇಲ್ಲ ಅವನ ವಾರಸುದಾರರಿಗೆ. ಮಾರಿದವನನ್ನ ಆ ಕಾಯ್ದೆ ಕಳ್ಳನ ಥರ ನೋಡಲಿಲ್ಲ. ಉಳ್ಳವರು ಇವನ ಕಷ್ಟ ನೋಡಿ ಚಿಲ್ಲರೆ ದುಡ್ಡಿಗೆ ಬರೆಸ್ಕೊಂಡಿದ್ದಾರೆ, ಇವನು ಮೋಸಹೋದವನು ಅಂತ ನೋಡಿತು. ಅದೇ ಮನುಷ್ಯ ಪಟ್ಟಣಕ್ಕೆ ಬಂದು, ಅದೇ ಕಷ್ಟಕ್ಕೆ ಮನೆ ಮಾರಿದ್ರೆ ನಿನ್ನ ಫಾರಂನಲ್ಲಿ ಅವನು ಮೋಸಗಾರ. ಹಳ್ಳಿಯಲ್ಲಿ ಕೊಂಡವನು ಅವನಿಗಿಂತ ಬಲವಾದವನು. ಇಲ್ಲಿ ಲೀಸ್‌ಗೆ ಬಂದವರು ಅವನಷ್ಟೇ ಬಡವರು. ಆ ಕಾನೂನನ್ನ ಹಾಗೇ ಎತ್ತಿ ಇಲ್ಲಿಗೆ ತಂದ್ರೆ ಹೊಡೆತ ಬಡವರಿಗೇ.

ಯುವತಿ: ಐದು ಮನೆಯವನಿಗೆ ಮಾತ್ರ ತಂದ್ರೆ?

ಹಿರಿಯರು: ಅವನಿಗೆ ತಾ. ನನ್ನ ಅಡ್ಡಿ ಇಲ್ಲ.

ಯುವತಿ: ಉಳಿದವರಿಗೆ? ಸಿಂಗಪುರದಲ್ಲಿ ಹೌಸಿಂಗ್ ಬೋರ್ಡ್ ಫ್ಲ್ಯಾಟ್ ಕೊಂಡವರು ಸಾಮಾನ್ಯವಾಗಿ 5 ವರ್ಷ ಅಲ್ಲೇ ವಾಸ ಇರಬೇಕು. ಆಮೇಲೆ ಮಾರಬಹುದು. ನಿಯಮ ಮುರಿದ್ರೆ ಫ್ಲ್ಯಾಟನ್ನೇ ಬೋರ್ಡ್ ವಾಪಸ್ ತಗೊಳ್ಳುತ್ತೆ. ಬಾಗಿಲೂ ಇದೆ, ಬೀಗವೂ ಇದೆ.

ಹಿರಿಯರು: ಬಾಗಿಲು ಅಂದೆಯಲ್ಲ, ನಮ್ಮಲ್ಲಿ ಇಲ್ಲದ್ದೇ ಅದು. ನೀನು ಹೊಗಳಿದ ಇಂಗ್ಲೆಂಡಿನಲ್ಲೂ ಒಬ್ಬ ಬಾಡಿಗೆದಾರ ಇನ್ನೊಬ್ಬನ ಜೊತೆ ಮನೆ ಅದಲುಬದಲು ಮಾಡ್ಕೊಳ್ಳೋ ಹಕ್ಕು ಕಾನೂನಿನಲ್ಲೇ ಇದೆ. ಒಂದು ಕೋಣೆಗೆ ಯಾರನ್ನಾದ್ರೂ ಇಟ್ಕೊಳ್ಳೋದಕ್ಕೂ ಅವಕಾಶ ಇದೆ. ನನ್ನ ಮುದುಕನಿಗೆ ಆ ಒಂದು ಹಕ್ಕಿದ್ದಿದ್ರೆ ನೆಲಮಹಡಿಯ ದಂಪತಿ ಜೊತೆ ಬದಲಾಯಿಸ್ಕೋತಿದ್ದ. ಅವರಿಗೂ ಗಾಳಿ ಬೆಳಕು ಸಿಗೋದು. ವಂಚನೆ ಹುಟ್ಟೋದೇ ಇಲ್ಲ.

ಯುವತಿ: ಅದಲುಬದಲಿಗೆ ನಾನೂ ಒಪ್ತೀನಿ. ಇನ್ನೂ ಮುಂದೆ ಹೋಗ್ತೀನಿ. ಬೇಡ ಅಂದವರಿಂದ ಮಂಡಳಿಯೇ ಮನೆ ವಾಪಸ್ ತಗೊಂಡು, ಕಟ್ಟಿದ ವಂತಿಗೆ ಹಿಂದಿರುಗಿಸಿ, ಸರದಿಯಲ್ಲಿ ಇರೋರಿಗೆ ಕೊಡಲಿ.

ಹಿರಿಯರು: ಬ್ರೋಕರ್ ಐದು ಲಕ್ಷ ಕೊಡ್ತಾನೆ. ನೀನು ವಂತಿಗೆ ಕೊಡ್ತೀಯ. ಯಾರು ಬರ್ತಾರೆ ನಿನ್ನ ಹತ್ತಿರ?

ಯುವತಿ: ಬ್ರೋಕರ್ ಹತ್ತಿರ ಹೋದ್ರೆ ಸಿಕ್ಕಿಬೀಳ್ತೀನಿ ಅನ್ನೋ ಭಯ ಇದ್ದವರು ಬರ್ತಾರೆ. ಅದಕ್ಕೇ ಹೇಳಿದ್ದು, ಬೀಗ ಇಲ್ಲದೆ ಬಾಗಿಲು ಕೆಲಸ ಮಾಡಲ್ಲ. ನೀವು ಬಾಗಿಲು ಮಾತ್ರ ಕೇಳ್ತೀರಿ.

ಹಿರಿಯರು: ನಿನಗೆ ಬೀಗ ಮಾತ್ರ ಬೇಕಿತ್ತು ಅಂದ್ಕೊಂಡಿದ್ದೆ. ಸರಿ, ಇನ್ನೊಂದು ಕೇಳ್ತೀನಿ. 2020ರಲ್ಲಿ ಲಾಕ್‌ಡೌನ್ ಆಗಿ ವಲಸೆ ಕಾರ್ಮಿಕರು ನಡ್ಕೊಂಡು ಊರಿಗೆ ಹೋದ್ರಲ್ಲ, ಆಮೇಲೆ ಕೇಂದ್ರ ಸರ್ಕಾರ ಏನು ಮಾಡ್ತು? ನರ್ಮ್ ಕಾಲದಲ್ಲಿ ಕಟ್ಟಿ ಖಾಲಿ ಬಿದ್ದಿರೋ ಮನೆಗಳನ್ನ ಅವರಿಗೆ ಬಾಡಿಗೆಗೆ ಕೊಡೋಣ ಅಂತ ಯೋಜನೆ ಮಾಡ್ತು. ಊರಾಚೆ ಕಟ್ಟಿದ ಮನೆಗೆ ಬರೋಕೆ ಬಡವರು ಒಪ್ಪಲಿಲ್ಲ, ಖಾಲಿ ಬಿದ್ವು. ಪಟ್ಟಣದ ಬಡವರಿಗೆ ಎಲ್ಲರಿಗೂ ಸ್ವಂತ ಮನೆ ಬೇಡ, ಕೆಲಸದ ಹತ್ತಿರ ಬಾಡಿಗೆ ಮನೆ ಬೇಕು ಅಂತ ಸರ್ಕಾರಕ್ಕೇ ಆಗ ಅರ್ಥ ಆಯ್ತು. ನಮ್ಮ ಲೀಸ್‌ನವರು ಅದನ್ನ ಸರ್ಕಾರಕ್ಕಿಂತ ಹತ್ತು ವರ್ಷ ಮುಂಚೆ ಮಾಡಿದ್ರು.

ಯುವತಿ: ಸರ್ಕಾರ ಬಾಡಿಗೆಗೆ ಕೊಟ್ರೆ ದುಡ್ಡು ಸರ್ಕಾರಕ್ಕೆ ಹೋಗುತ್ತೆ. ಲೀಸ್‌ನವರು ಕೊಟ್ರೆ ಅವರ ಜೇಬಿಗೆ. ಅಮ್ಮ ಐದನೇ ತಾರೀಖು ಎಣಿಸಿದ್ದು ಸರ್ಕಾರಕ್ಕಾಗಿದ್ದಿದ್ರೆ ಅವಳ ಬಾಡಿಗೆ ಕಮ್ಮಿ ಇರೋದು. ‘ನಾಳೆ ಖಾಲಿ ಮಾಡು’ ಅಂತ ಯಾರೂ ಬೆದರಿಸ್ತಿರಲಿಲ್ಲ. ನೀವು ಎರಡನ್ನೂ ಒಂದೇ ಮಾಡ್ತಿದ್ದೀರಿ.

ಹಿರಿಯರು: ಒಂದೇ ಅಲ್ಲ. ಹಾಗಾದ್ರೆ ಆ ಮನೆಗಳಲ್ಲಿರೋ ಬಾಡಿಗೆಯವರನ್ನೇ ಮಂಡಳಿಯ ಬಾಡಿಗೆಯವರು ಮಾಡಿಬಿಡು. ಮಾಲೀಕ ಅನ್ನಿಸ್ಕೊಂಡವನನ್ನ ತೆಗಿ, ಒಳಗಿದ್ದವರನ್ನ ಉಳಿಸು.

ಯುವತಿ: ಚೆನ್ನಾಗಿದೆ ಕೇಳೋಕೆ. ಹೊರಗೆ ಅರ್ಜಿ ಹಾಕಿ ಕಾಯ್ತಿರೋರು? ಅಕ್ರಮವಾಗಿ ಒಳಗೆ ಬಂದವರಿಗೆ ಮನೆ, ನಿಯಮ ಪಾಲಿಸಿ ಹೊರಗೆ ನಿಂತವರಿಗೆ ಏನೂ ಇಲ್ಲ. ನಾಳೆ ಅವರೂ ಬ್ರೋಕರನ್ನ ಹುಡ್ಕೊಂಡು ಹೋಗ್ತಾರೆ.

ಹಿರಿಯರು: (ಸ್ವಲ್ಪ ಹೊತ್ತಿನ ಮೇಲೆ) ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮನೆ ಕಮ್ಮಿ ಇದ್ದಾಗ ಯಾರಿಗೆ ನ್ಯಾಯ ಮಾಡಿದ್ರೂ ಇನ್ನೊಬ್ಬರಿಗೆ ಅನ್ಯಾಯವೇ.

ಯುವತಿ: ಮನೆ ಕಮ್ಮಿ ಇದೆ ಅನ್ನೋದನ್ನೇ ನೆಪ ಮಾಡ್ಕೊಂಡು ಕೂತ್ರೆ ಇರೋ ಮನೆಯನ್ನೂ ಕಾಪಾಡೋಕಾಗಲ್ಲ ಸರ್.

(ಅಷ್ಟರಲ್ಲಿ ಆಕೆ ಚೀಲದಿಂದ ಸಮೀಕ್ಷೆಯ ಫಾರಂ ತೆಗೆದು ತೋರಿಸಿದಳು. ‘ಮೂಲ ಫಲಾನುಭವಿ ವಾಸವಿದ್ದಾರೆಯೇ? ಹೌದು / ಇಲ್ಲ’ ಎಂಬ ಒಂದು ಪ್ರಶ್ನೆ. ಕೊನೆಯಲ್ಲಿ ಷರಾ ಬರೆಯಲು ಅರ್ಧ ಅಂಗುಲದ ಜಾಗ. ಇಷ್ಟು ಹೊತ್ತು ನಡೆದ ಮಾತೆಲ್ಲ ಆ ಅರ್ಧ ಅಂಗುಲದಲ್ಲಿ ಹಿಡಿಸಬೇಕಿತ್ತು.)

ಹಿರಿಯರು: ಇಲ್ಲ ಅಂತ ಗುರುತು ಹಾಕಿದ ಪ್ರತಿ ಮನೆಗೂ ಷರಾ ಬರಿ. ಒಳಗಿರೋರು ಎಷ್ಟು ವರ್ಷದಿಂದ ಇದ್ದಾರೆ, ಬಾಡಿಗೆಯೋ ಲೀಸೋ, ಎಷ್ಟು ಕೊಟ್ಟಿದ್ದಾರೆ, ಯಾರಿಗೆ ಕೊಟ್ಟಿದ್ದಾರೆ.

ಯುವತಿ: ಬರೆದ್ರೆ ಅದೇ ನಾಳೆ ಅವರ ವಿರುದ್ಧ ಸಾಕ್ಷಿ ಆಗುತ್ತೆ ಅಂತ ಈಗ ತಾನೇ ನೀವೇ ಹೇಳಿದ್ರಿ.

ಹಿರಿಯರು: ಬರೀದೇ ಇದ್ರೆ ಅವರು ಅಲ್ಲಿ ಇರಲೇ ಇಲ್ಲ ಅಂತಾಗುತ್ತೆ. ಈಜಿಪುರದಲ್ಲಿ ಆಗಿದ್ದು ಅದೇ.

ಯುವತಿ: ಅವರನ್ನೇ ಕೇಳ್ತೀನಿ. ಬರೀರಿ ಅಂದವರದ್ದು ಬರೀತೀನಿ.

ಹಿರಿಯರು: ಸರ್ಕಾರದವಳು ಬಾಗಿಲಲ್ಲಿ ನಿಂತು ಕೇಳಿದ್ರೆ ಯಾರೂ ಬರೀರಿ ಅನ್ನಲ್ಲ.

ಯುವತಿ: ಬಾಡಿಗೆಯವರ ಮಗಳು ಕೇಳಿದ್ರೆ ಅಂತಾರೇನೋ. ನೋಡೋಣ. ಎಲ್ಲಿಂದ ಶುರುಮಾಡ್ಲಿ?

ಹಿರಿಯರು: ಹಿಂದಿನ ಸಾಲಿನ ಕೊನೇ ಬ್ಲಾಕಿನಿಂದ. ಅಲ್ಲಿ ಒಂದೇ ಮಹಡಿಯ ಮನೆಗಳಿಗೆ ಒಬ್ಬನೇ ಬಾಡಿಗೆ ವಸೂಲಿ ಮಾಡ್ತಾನೆ. ಮೊದಲು ಅವನನ್ನ ಹಿಡಿ. ಆಮೇಲೂ ನಿನಗೆ ಶಕ್ತಿ ಉಳಿದಿದ್ರೆ ನನ್ನ ಮುದುಕನ ಹತ್ತಿರ ಹೋಗು.

ಯುವತಿ: ಅಂದ್ರೆ ಅವನು ಯಾರು ಅಂತ ನಿಮಗೆ ಗೊತ್ತಿತ್ತು.

ಹಿರಿಯರು: ಗೊತ್ತಿತ್ತು. ಬರೆದೂ ಇದ್ದೆ. ಎರಡು ಸಲ ವರದಿ ಕಳಿಸಿದ್ದೆ, ಕಡತ ಮೇಲೆ ಹೋಯ್ತು. ವಾಪಸ್ ಬರಲಿಲ್ಲ.

ಯುವತಿ: ಕಡತದ ಸಂಖ್ಯೆ ಇದೆಯಾ ಸರ್?

ಹಿರಿಯರು: ಎಲ್ಲೋ ಡೈರಿಯಲ್ಲಿ ಬರೆದಿಟ್ಟಿದ್ದೆ. ಕೂತ್ಕೋ, ಹುಡುಕಿ ಕೊಡ್ತೀನಿ.